ಉಸಿರು ತಪ್ಪಿದ ಮೃಣ್ಮಯಿ

ಲೋನಾವಳದ ಆ ಯೋಗಕೇಂದ್ರದಲ್ಲಿ ಉಸಿರಾಟ ಕಲಿಯಬೇಕೆಂದರೆ ಮೃಣ್ಮಯಿಯ ಹತ್ತಿರವೇ ಕಲಿಯಬೇಕು. ಅವಳು ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಪ್ರಾಣಾಯಾಮಕ್ಕೆ ಕೂತರೆ ಮೆದುಳಿನ ಅಲೆಗಳು ಕೆನೆಗಟ್ಟಿದ ಹಾಲಿನಂತೆ ಸುಮ್ಮನಾಗುತ್ತವೆ ಎಂದು ಎಲ್ಲರ ನಂಬಿಕೆ. ಆದರೆ ಅಲ್ಲಿನ ಪ್ರಯೋಗಾಲಯದಲ್ಲಿ ಅದನ್ನು ಅಳೆಯುವ ಕೌಸ್ತುಭ ಅವಳ ಕೂದಲು ಬಿಡಿಸಿ, ತಣ್ಣನೆಯ ಅಂಟು ಹಚ್ಚಿ, ತಲೆಗೆ ತಂತಿ ಜೋಡಿಸಿದಾಗಲೆಲ್ಲ ಆ ಅಲೆಗಳು ಕುಣಿದು ಕುಪ್ಪಳಿಸಿದವು.

"ಏನ್ರೀ ಇದು? ಉಸಿರು ಇಷ್ಟು ನಿಧಾನ, ಒಳಗೆ ಮಾತ್ರ ಮುಂಬೈಯ ದಾದರ್ ಸ್ಟೇಷನ್ ಗದ್ದಲ!" ಎಂದ ಕೌಸ್ತುಭ.

"ನಿಮ್ಮ ಮಷೀನೇ ಸರಿಯಿಲ್ಲ."

ಕೆಂಪಾದ ಕಿವಿ ಅವನಿಗೆ ಕಾಣದಿರಲೆಂದು ಅವಳು ದುಪಟ್ಟಾ ಎಳೆದುಕೊಂಡಳು.

ಮರುದಿನ ಅವನ ಬದಲು, ಎಲ್ಲರೂ ಚಿಕ್ಕಮ್ಮನಂತೆ 'ಕಾಕು' ಎಂದು ಕರೆಯುವ ಹಿರಿಯ ಶಿಕ್ಷಕಿ ಗೋಡಬೋಲೆ ಅವಳಿಗೆ ತಂತಿ ಜೋಡಿಸಿದರು. ಅಲೆಗಳು ತೆಪ್ಪಗಾದವು! ಸಂಜೆ ಕೌಸ್ತುಭ ಚಹಾ ಹಿಡಿದು ಬಂದ. ಎಂದಿನ ಕೀಟಲೆ ಇರಲಿಲ್ಲ.

"ನನ್ನ ಕೈ ತಾಕಿದ್ರೆ ನಿಮಗೆ ಹೆದರಿಕೆ ಆಗುತ್ತೆ. ಮೊದ್ಲೇ ಹೇಳಬಾರದಿತ್ತಾ? ಪುಣೆಯ ಆಸ್ಪತ್ರೆಯವರು ಕರೀತಾನೇ ಇದ್ರು, ಒಪ್ಕೊಂಡೆ. ನಾಳೆ ಬೆಳಿಗ್ಗೆ ಹೊರಡ್ತೀನಿ."

"ಹೆದರಿಕೆ ಅಂತ ಮಷೀನ್ ಹೇಳ್ತಾ?"

"ಮೆದುಳು ಎಚ್ಚೆತ್ತಿದೆ ಅನ್ನುತ್ತೆ. ಯಾಕೆ ಅಂತ ಅದಕ್ಕೇನು ಗೊತ್ತು?"

ಬಾಯಿಯವರೆಗೆ ಬಂದ ಮಾತನ್ನು ಮೃಣ್ಮಯಿ ನುಂಗಿಕೊಂಡಳು. ತನ್ನ ಮನಸ್ಸನ್ನೇ ಗೆದ್ದವಳೆಂಬ ಜಂಬ, ಏನು ಮಾಡುವುದು! ಇಂಥ ಒಳ್ಳೆಯವನನ್ನು ತಪ್ಪು ತಿಳಿದುಕೊಂಡೇ ಹೋಗಲು ಬಿಡುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಕೇಂದ್ರದಲ್ಲಿ ಬೆಳಗಿನ ಪ್ರಾಣಾಯಾಮದಿಂದ ತಿಂಡಿಯ ಗಂಟೆಯವರೆಗೆ ಮೌನ. ಅದನ್ನು ಮುರಿದವರಿಲ್ಲ. ಒಮ್ಮೆ ಚೇಳು ಕಂಡಾಗಲೂ ಕಾಕು ಬರೀ ಕೈಸನ್ನೆಯಲ್ಲೇ ಎಲ್ಲರನ್ನೂ ಎಬ್ಬಿಸಿ ಓಡಿಸಿದ್ದರು. ಮರುದಿನ ಆ ಮೌನದ ಹೊತ್ತಿಗೇ ಕೌಸ್ತುಭ ಚೀಲ ಹೊತ್ತು ಬಂದು ಎಲ್ಲರಿಗೂ ಕೈಮುಗಿದ. ಮೃಣ್ಮಯಿಯ ಎದುರು ಮಾತ್ರ ಕಣ್ಣೆತ್ತಲಿಲ್ಲ. ಬಾಗಿಲು ದಾಟಿದ.

ಅವಳ ಉಸಿರು ತಪ್ಪಿತು.

"ರೀ ಕೌಸ್ತುಭ, ನಿಲ್ರೀ! ಹೆದರಿಕೆ ಅಲ್ಲ ಅದು!"

ಸಭಾಂಗಣದಲ್ಲಿ ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದವು. ಅವನು ತಿರುಗಿ ನಿಂತ.

"ಮತ್ತೇನು?" ಅವನ ದನಿ ಅವನಿಗೇ ಕೇಳಿಸುವಷ್ಟಿತ್ತು.

"ಪ್ರೀತಿ ಕಣ್ರೀ! ಊರವರ ಮೆದುಳೆಲ್ಲ ಓದ್ತೀರಿ, ಇಷ್ಟು ಗೊತ್ತಾಗಲ್ವಾ?"

ಕೌಸ್ತುಭನ ಹೆಗಲಿನಿಂದ ಚೀಲ ಜಾರಿತು. ಏನೋ ಹೇಳಲು ಬಾಯಿ ತೆರೆದ. ಕಾಕು ತುಟಿಯ ಮೇಲೆ ಬೆರಳಿಟ್ಟು ಗದರುವಂತೆ ನೋಡಿದರು. ಅವನು ಬಾಯಿ ಮುಚ್ಚಿದ. ಇಬ್ಬರನ್ನೂ ಒಂದು ಗಳಿಗೆ ನೋಡಿದ ಕಾಕು, ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು ಹೋಗಿ, ಹೊತ್ತಿಗೆ ಮೊದಲೇ ತಿಂಡಿಯ ಗಂಟೆ ಬಾರಿಸಿಬಿಟ್ಟರು.