ತೊಂಬತ್ತರಲ್ಲಿ ನಿಂತ ನೀಲಿ ಗೆರೆ

"ನಿಮ್ಮ ಮೊಬೈಲಿಂದ ಸ್ವಲ್ಪ ನೆಟ್ ಕೊಡ್ತೀರಾ?"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅವಳ ಕೈಯಲ್ಲಿದ್ದ ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು.

ಅದೇ ದನಿ! ಎರಡು ವರ್ಷದಿಂದ ಮನಸ್ಸಿನಲ್ಲೇ ಸಾವಿರ ಸಲ ಉಗಿದಿದ್ದ ದನಿ…

ತಿರುಗಿ ನೋಡಿದಳು. ಎದೆಗವಚಿಕೊಂಡ ಲ್ಯಾಪ್‌ಟಾಪ್, ತೋಳಿಗೆಲ್ಲ ಮೆತ್ತಿದ ವಾರ್ನಿಶ್, ಕೆದರಿದ ಕೂದಲು. ಅವಳ ಮುಖ ಕಂಡದ್ದೇ ತಡ, ಅವನು ಬಿಳಿಚಿಕೊಂಡ.

"ನೀ… ನೀವಾ?"

"ಹೂಂ, ನಾನೇ. ಇನ್ನೂ ಸತ್ತಿಲ್ಲ."

ಇಂಥ ಮಾತಿಗೇ ಅವಳನ್ನು ಎಲ್ಲರೂ ಕಿಡಿ ಎಂದು ಕರೆಯುತ್ತಿದ್ದುದು. ಅಪ್ಪ ವೆಲ್ಡರ್, ಮಗಳು ಬಾಯಿ ತೆರೆದರೆ ಬೆಂಕಿ. ಹೆಸರು ಅಂಟದೆ ಇರುತ್ತದೆಯೇ? ಎದುರಿಗೆ ನಿಂತವನಿಗೆ ಮುನಿ ಎಂಬ ಅಡ್ಡಹೆಸರು. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಆಸಾಮಿ.

ಪೀಠೋಪಕರಣಗಳ ಪ್ರದರ್ಶನ ಮುಗಿದಿತ್ತು. ಆ ದೊಡ್ಡ ನೆಲಮಾಳಿಗೆಯಲ್ಲಿ ಉಳಿದಿದ್ದವರು ಇವರಿಬ್ಬರು, ಮತ್ತೆ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ತಾತ. ವೈಫೈ ಪೆಟ್ಟಿಗೆಯನ್ನು ಆಗಲೇ ಬಿಚ್ಚಿಕೊಂಡು ಹೋಗಿದ್ದರು.

"ನನ್ನ ಫೋನ್ ವಾರ್ನಿಶ್ ಡಬ್ಬಕ್ಕೆ ಬಿತ್ತು," ಅವನು ತಲೆ ತಗ್ಗಿಸಿ ಹೇಳಿದ. "ಶಾಲೆ ಬೆಂಚುಗಳ ಆರ್ಡರಿಗೆ ನಕ್ಷೆ ಕಳಿಸ್ಬೇಕು. ಐದು ಗಂಟೆಗೆ ಮುಚ್ಚಿಬಿಡ್ತಾರೆ. ಇದು ಸಿಗ್ಲಿಲ್ಲ ಅಂದ್ರೆ ನನ್ನ ಅಂಗಡಿ ಬಾಗಿಲು ಹಾಕ್ಬೇಕು. ನನ್ನನ್ನೇ ನಂಬಿರೋ ಬಡಗಿಗಳಿದಾರೆ…"

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತ್ತು! ಅದೇ ಆರ್ಡರಿಗೆ ಕಿಡಿಯೂ ಬೆಳಗ್ಗೆಯೇ ತನ್ನ ನಕ್ಷೆ ಕಳಿಸಿ ಕೂತಿದ್ದಳು. ಇವನದು ಹೋಗದಿದ್ದರೆ ಅವಳಿಗೆ ಎದುರಾಳಿಯೇ ಇಲ್ಲ.

*ಬಾರೋ ಬಾ… ಎರಡು ವರ್ಷ ಕಾದಿದ್ದೀನಿ ನಿನಗೆ.*

ಯಾಕಿಷ್ಟು ಸಿಟ್ಟು ಅಂತೀರಾ? ಕೇಳಿ.

ಎರಡು ವರ್ಷದ ಹಿಂದೆ ಇದೇ ಮಾತನ್ನು ಇವಳು ಅವನನ್ನು ಕೇಳಿದ್ದಳು. ಆಗ ಇಬ್ಬರೂ ಒಂದೇ ಕಂಪನಿಯಲ್ಲಿ ಎದುರುಬದುರು ಮೇಜಿನಲ್ಲಿ ಕೂತು ಕುರ್ಚಿ, ಮಂಚಗಳ ನಕ್ಷೆ ಬರೆಯುವವರು. ಅಪ್ಪನ ಮಂಡಿನೋವು ನೋಡಲಾರದೆ ಅವಳು ಒಂದು ಕುರ್ಚಿ ಕಲ್ಪಿಸಿದ್ದಳು. ಕೂತವರು ಏಳಬೇಕೆಂದಾಗ ಅದೇ ಮೆಲ್ಲಗೆ ಎತ್ತಿ ನಿಲ್ಲಿಸುವಂಥದ್ದು. ಅದನ್ನೊಂದು ದೊಡ್ಡ ಸ್ಪರ್ಧೆಗೆ ಕಳಿಸಬೇಕಿತ್ತು. ಗೆದ್ದವರಿಗೆ ಹೆಸರಾಂತ ವಿನ್ಯಾಸಗಾರರೊಬ್ಬರ ಕೈಕೆಳಗೆ ಕಲಿಯುವ ಭಾಗ್ಯ. ಕೊನೆಯ ದಿನ, ಕೊನೆಯ ಗಳಿಗೆಯಲ್ಲಿ ಆಫೀಸಿನ ನೆಟ್ ಕೈಕೊಟ್ಟಿತು.

ಮುನಿ ತನ್ನದನ್ನು ಆಗಲೇ ಕಳಿಸಿದ್ದ. ಅವಳು ಕೇಳಿದ ಕೂಡಲೇ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಟ್ಟ. ಸಿಗ್ನಲ್ ಚೆನ್ನಾಗಿ ಸಿಗಲೆಂದು ಫೋನು ಹಿಡಿದು ಹೊರಗೆ ಮೆಟ್ಟಿಲ ಕಿಟಕಿಯ ಬಳಿ ನಿಂತ. ಎಷ್ಟು ಒಳ್ಳೆಯವನಪ್ಪಾ ಎಂದುಕೊಂಡಿದ್ದಳು. ಅಷ್ಟೇ ಅಲ್ಲ… ಆ ಸಂಜೆಯೇ ತನ್ನ ಮನಸ್ಸಿನಲ್ಲಿರುವುದನ್ನು ಅವನಿಗೆ ಹೇಳಿಬಿಡಬೇಕೆಂದೂ ಇದ್ದಳು.

ಲ್ಯಾಪ್‌ಟಾಪ್ ಪರದೆಯ ಮೇಲೆ ನೀಲಿ ಗೆರೆ ತೆವಳಿತು. ಎಪ್ಪತ್ತು… ಎಂಬತ್ತು… ತೊಂಬತ್ತು…

ನಿಂತೇಹೋಯಿತು!

ಓಡಿ ಹೋಗಿ ನೋಡಿದರೆ ಮುನಿ ಫೋನನ್ನು ಕಿವಿಗಿಟ್ಟುಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದ. ನಗುತ್ತಿದ್ದ! ಆ ನಗು… ಮೂರು ಲೋಕವೂ ತನ್ನ ಜೇಬಿಗೆ ಬಿದ್ದಂಥ ನಗು.

"ಬೇಕಂತಲೇ ನೆಟ್ ಆಫ್ ಮಾಡ್ದೆ ಅಲ್ವಾ? ನಾನು ಗೆದ್ದುಬಿಡ್ತೀನಿ ಅಂತ ಹೊಟ್ಟೆಕಿಚ್ಚು! ಬೆನ್ನಿಗೆ ಚೂರಿ ಹಾಕೋನು ನೀನು!"

ಇಡೀ ಆಫೀಸು ಮೆಟ್ಟಿಲ ಮೇಲೆ ಬಂದು ನಿಂತಿತ್ತು. ಮುನಿ ಬಾಯಿ ತೆರೆದ. ಏನೋ ಹೇಳಹೊರಟ. ಮುಚ್ಚಿದ.

ಅವಳ ಕುರ್ಚಿ ತಲುಪಲೇ ಇಲ್ಲ. ಅವಕಾಶ ಸಿಕ್ಕಿದ್ದು ಮುನಿಗೆ. ಅವನು ಹೋಗಲಿಲ್ಲವಂತೆ ಎಂದು ಆಮೇಲೆ ಯಾರೋ ಹೇಳಿದರು. ಕದ್ದದ್ದು ದಕ್ಕಲಿಲ್ಲ ಬಿಡು ಎಂದುಕೊಂಡಳು. ಅಪ್ಪನಿಗೆ "ನೆಟ್ ಹೋಯ್ತು" ಎಂದಷ್ಟೇ ಹೇಳಿ, ಕೆಲಸ ಬಿಟ್ಟು ಅವನ ವೆಲ್ಡಿಂಗ್ ಶೆಡ್ಡಿಗೆ ಸೇರಿದಳು. ಅಂದಿನಿಂದ ಇಂದಿನವರೆಗೆ ಯಾರ ಹಾಟ್‌ಸ್ಪಾಟಿನ ಹಂಗಿಗೂ ಹೋಗಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ.

ಇಂದು ಕೊಡುತ್ತಾಳೆ! ಕೊಟ್ಟು ಕಿತ್ತುಕೊಳ್ಳುತ್ತಾಳೆ. ತೊಂಬತ್ತಕ್ಕೆ ಬಂದಾಗಲೇ ಆಫ್ ಮಾಡುತ್ತಾಳೆ. ಆಮೇಲೆ ಫೋನನ್ನು ಕಿವಿಗಿಟ್ಟುಕೊಂಡು ಅವನೆದುರು ಅವನ ಹಾಗೆಯೇ ನಗುತ್ತಾಳೆ.

"ಕೊಡೋಣಂತೆ. ಕೂತ್ಕೊಳ್ಳಿ. ಏನವಸರ?"

ಬೇಕೆಂದೇ, ಪ್ರದರ್ಶನಕ್ಕಿಟ್ಟಿದ್ದ ತನ್ನ ಶಾಲೆ ಬೆಂಚಿನ ನಟ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿದಳು. ಆಮೇಲೆ ನೀರು ಕುಡಿದಳು. ಅವನ ಕಣ್ಣು ಗೋಡೆ ಗಡಿಯಾರಕ್ಕೂ ಅವಳ ಕೈಗೂ ಅಲೆದಾಡುತ್ತಿತ್ತು.

ಕೊನೆಗೆ ತನ್ನ ಹಳೇ ಫೋನನ್ನು ತೆಗೆದು ಹಾಟ್‌ಸ್ಪಾಟ್ ಎಲ್ಲಿದೆ ಎಂದು ತಡಕಾಡಿದಳು.

"ಸೆಟ್ಟಿಂಗ್ಸಲ್ಲಿ ಕೆಳಗಡೆ…"

"ನಂಗೊತ್ತು!"

ಗೊತ್ತಿರಲಿಲ್ಲ. ಆದರೂ ಸಿಕ್ಕಿತು.

"ಪಾಸ್‌ವರ್ಡ್?" ಅವನು ಕೇಳಿದ.

ಅವಳು ಆಗ ತಾನೇ ಇಟ್ಟದ್ದನ್ನು ನಿಧಾನವಾಗಿ ಹೇಳಿದಳು. "ಮೋಸಗಾರ. ಇಂಗ್ಲಿಷ್ ಅಕ್ಷರದಲ್ಲಿ. ಎಲ್ಲ ಸಣ್ಣಕ್ಷರ."

ಅವನ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಒತ್ತಿದ. ಅವಳಿಗೆ ಎದೆ ತಣ್ಣಗಾಗಬೇಕಿತ್ತು. ಯಾಕೋ ಆಗಲಿಲ್ಲ.

*ಛೇ! ಕರಗಬೇಡ ಕಣೇ. ಅವನ ನಗು ನೆನಪಿಸಿಕೋ.*

ನೀಲಿ ಗೆರೆ ಹೊರಟಿತು. ಐವತ್ತು… ಎಪ್ಪತ್ತು… ಅವಳ ಹೆಬ್ಬೆರಳು ಸ್ವಿಚ್ಚಿನ ಮೇಲೆ ಕಾದು ಕೂತಿತು. ಎಂಬತ್ತು… ತೊಂಬತ್ತು… ಈಗ!

ಟ್ರಿಂಗ್ ಟ್ರಿಂಗ್!

ಪರದೆಯ ಮೇಲೆ "ಅಪ್ಪ".

ಅವಳು ಏನನ್ನೂ ಒತ್ತಿರಲಿಲ್ಲ. ಆದರೆ ನೀಲಿ ಗೆರೆ ನಿಂತಿತ್ತು.

"ನಾನಲ್ಲ! ನಾನಿನ್ನೂ ಆಫ್ ಮಾಡಿರ್ಲಿಲ್ಲ…" ಬಾಯಿ ತಪ್ಪಿ ಆಡಿಬಿಟ್ಟಳು.

"ಗೊತ್ತು," ಅವನು ಪರದೆ ನೋಡುತ್ತಲೇ ಹೇಳಿದ. "ಹಳೇ ಫೋನಲ್ವಾ? ಕರೆ ಬಂದ್ರೆ ನೆಟ್ ನಿಂತುಹೋಗುತ್ತೆ. ಎರಡೂ ಒಟ್ಟಿಗೆ ಆಗಲ್ಲ ಅದಕ್ಕೆ." ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಅವಳು ಫೋನಿನಿಂದ ತಲೆಯೆತ್ತಿದಳು.

"ಏನಂದೆ?"

ಅವನು ಲ್ಯಾಪ್‌ಟಾಪಿನತ್ತ ಬಾಗಿದ.

"ಆವತ್ತೂ… ಹೀಗೇ ಆಯ್ತಾ? ನೀನು ಆಫ್ ಮಾಡ್ಲಿಲ್ವಾ?"

"ನಂದೂ ಹಳೇ ಫೋನು. ಕರೆ ಬಂತು. ಎತ್ತಬಾರದಿತ್ತು, ಎತ್ತಿದೆ. ನೆಟ್ ನಿಲ್ಲುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ. ತಪ್ಪು ನಂದೇ."

"ಯಾರ ಕರೆ?"

ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಅವಳ ಅಪ್ಪ ಎತ್ತುವವರೆಗೂ ಬಿಡುವ ಮನುಷ್ಯನಲ್ಲ. ಮುನಿ ಆ ಪರದೆಯ ಮೇಲಿನ ಹೆಸರು ನೋಡಿ ಥಟ್ಟನೆ ಮುಖ ತಿರುಗಿಸಿಕೊಂಡ. ಆ ಒಂದು ನೋಟ ಸಾಕಿತ್ತು ಅವಳಿಗೆ.

ಕರೆ ಎತ್ತಿದಳು.

"ನನ್ನ ಕನ್ನಡಕ ಎಲ್ಲಿಟ್ಟಿದೀಯೇ?"

"ತಲೆ ಮೇಲೆ ನೋಡ್ಕೋ."

"…ಹಾಂ, ಇದೆ ಇದೆ!"

"ಅಪ್ಪಾ, ಆ ಸ್ಪರ್ಧೆ ದಿನ ನೀನು ಮುನಿಗೆ ಫೋನ್ ಮಾಡಿದ್ಯಾ?"

"ಹೇಳ್ಬೇಡಿ ಅಂದಿದ್ದ ಕಣೇ ಆ ಹುಡುಗ…"

"ಹೇಳಪ್ಪಾ!"

"ಹಿಂದಿನ ದಿನ ಶೆಡ್ಡಿಗೆ ಬಂದಿದ್ದ. ಅವಳನ್ನ ಕೇಳೋಕೆ ಧೈರ್ಯ ಸಾಲ್ದು, ಮೊದ್ಲು ನಿಮ್ಮನ್ನ ಕೇಳ್ತೀನಿ ಅಂದ. ನಾನು ಯೋಚ್ನೆ ಮಾಡಿ ಮಾರನೇ ದಿನ ಫೋನ್ ಮಾಡ್ದೆ. ನನಗೆ ಒಪ್ಪಿಗೆ ಕಣಪ್ಪಾ, ಇನ್ನು ಅವಳು ಒಪ್ಪಿದ್ರೆ ಆಯ್ತು ಅಂದೆ. ಎಷ್ಟು ಖುಷಿಪಟ್ಟ ಗೊತ್ತಾ! ಆಮೇಲೆ ಏನಾಯ್ತೋ, ಬಂದು ‘ಅವಳಿಗೆ ಇಷ್ಟ ಇಲ್ಲ, ಈ ಮಾತು ಎತ್ತಬೇಡಿ’ ಅಂದುಬಿಟ್ಟ. ಯಾಕೇ? ಏನಾಯ್ತು ಆವತ್ತು?"

*ನಿನ್ನಿಂದಲೇ ಅಪ್ಪಾ! ನಿನ್ನ ಫೋನಿಂದಲೇ ನನ್ನ ಕುರ್ಚಿ ಹೋಯ್ತು!*

ಮಾತು ನಾಲಿಗೆಯ ತುದಿಗೆ ಬಂತು. ಮಂಡಿ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ಅವಳಿಗಾಗಿ ಕಾಯುವ ಅಪ್ಪ ಕಣ್ಣ ಮುಂದೆ ನಿಂತ. ತಾಯಿಯಿಲ್ಲದ ಮಗಳಿಗೆ ಎರಡೂ ಆದವನು. ಅವನಿಗೆ ಇದು ತಿಳಿದರೆ ಆ ಜೀವ ತಡೆದೀತೇ?

ಬಾಯಿ ತೆರೆದಿದ್ದವಳು ಮುಚ್ಚಿದಳು.

ಆಗ ಅವಳಿಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ಮುನಿ ನುಂಗಿದ್ದೂ ಇದೇ ಮಾತನ್ನು!

"ಏನೂ ಆಗಿಲ್ಲಪ್ಪ. ಮನೆಗೆ ಬಂದು ಮಾತಾಡ್ತೀನಿ. ಈಗ ಸ್ವಲ್ಪ ಹೊತ್ತು ಫೋನ್ ಮಾಡ್ಬೇಡ, ನಿನ್ನ ದಮ್ಮಯ್ಯ!"

ಕರೆ ಮುಗಿಸಿ ಗಡಿಯಾರ ನೋಡಿದಳು. ದೊಡ್ಡ ಮುಳ್ಳು ಹನ್ನೆರಡರ ಹತ್ತಿರ ತೆವಳುತ್ತಿತ್ತು. ಗೆರೆ ಮತ್ತೆ ಸೊನ್ನೆಯಿಂದ ಹೊರಡಬೇಕು. ನಟ್ಟು ಬಿಗಿ ಮಾಡಿ, ನೀರು ಕುಡಿದು ತಾನು ಸುಟ್ಟ ಸಮಯ ಅವಳನ್ನೇ ಸುಡತೊಡಗಿತು.

"ಬಿಡಿ, ಇನ್ನಾಗಲ್ಲ," ಎಂದು ಮುನಿ ಲ್ಯಾಪ್‌ಟಾಪ್ ಮುಚ್ಚಹೋದ.

"ಮುಚ್ಚಿದ್ರೆ ಕೈ ಮುರೀತೀನಿ! ಒತ್ತು ಮತ್ತೆ!"

ತನ್ನದೇ ಬೆಂಚನ್ನು ದರದರ ಎಳೆದು ಗೋಡೆಗೆ ಹಾಕಿ, ಹತ್ತಿ, ಮೇಲಿನ ಗಾಳಿಕಿಂಡಿಗೆ ತಾಗುವಂತೆ ಫೋನು ಎತ್ತಿ ಹಿಡಿದಳು. ಸಿಗ್ನಲ್ಲಿನ ಕಡ್ಡಿಗಳು ಒಂದರಿಂದ ಮೂರಕ್ಕೇರಿದವು.

"ಇದು ಹೋದ್ರೆ ಆರ್ಡರ್ ನಿಮ್ಮ ಕೈ ತಪ್ಪಬಹುದು," ಅವನು ಕೆಳಗಿನಿಂದ ಹೇಳಿದ. ಅವಳು ನಿಂತಿದ್ದ ಶಾಲೆ ಬೆಂಚು ನೋಡಿಯೇ, ಅವಳೂ ಅದೇ ಆರ್ಡರಿಗೆ ಕಳಿಸಿದ್ದಾಳೆಂದು ಅವನಿಗೆ ತಿಳಿದಿತ್ತು.

"ನನ್ನ ಬೆಂಚು ಚೆನ್ನಾಗಿದ್ರೆ ನನಗೇ ಸಿಗುತ್ತೆ. ಸುಮ್ನೆ ಗೆರೆ ನೋಡು!"

"ನಲವತ್ತು… ಅರವತ್ತು…"

ತೋಳು ಸೋತು ನಡುಗಿತು. ಹಲ್ಲು ಕಚ್ಚಿ ಹಿಡಿದಳು.

"ತೊಂಬತ್ತು…"

ಅಪ್ಪಾ, ಈಗ ಮಾತ್ರ ಬೇಡಪ್ಪಾ!

"…ಹೋಯ್ತು! ತಲುಪ್ತು ಅಂತ ಬಂತು!"

ಅವಳು ಬೆಂಚಿನ ಮೇಲೇ ಕುಸಿದು ಕೂತಳು. ಎರಡು ವರ್ಷದಿಂದ ಬಿಗಿದುಕೊಂಡಿದ್ದದ್ದೆಲ್ಲ ಒಮ್ಮೆಗೇ ಒಡೆದು, ಗೊಳೋ ಎಂದು ಅತ್ತುಬಿಟ್ಟಳು.

"ಯಾಕೆ ಹೇಳ್ಲಿಲ್ಲ? ಒಂದು ಮಾತು… ಒಂದೇ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಆವತ್ತು ನಿನ್ನ ಕಣ್ಣಲ್ಲಿ ಅಷ್ಟು ಸಿಟ್ಟಿತ್ತು," ಮುನಿ ಅವಳ ಪಕ್ಕ ಕೂತ. ‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. "ಅದು ಅಪ್ಪನ ಮೇಲೆ ತಿರುಗೋದು ಬೇಡ ಅನ್ನಿಸ್ತು. ನಿನಗಿರೋದು ಅವರೊಬ್ಬರು. ದ್ವೇಷಿಸೋಕೆ ನಾನಿದ್ನಲ್ಲ."

"ಆ ಅವಕಾಶ ಯಾಕೆ ಬಿಟ್ಟೆ ಮತ್ತೆ?"

"ನಿನ್ನ ಕುರ್ಚಿ ಇದ್ದಿದ್ರೆ ಅದು ನಿನಗೇ ಸಿಗ್ತಿತ್ತು. ನಾನು ಹೇಗೆ ಹೋಗ್ಲಿ?"

ಅವಳು ಕಣ್ಣೊರೆಸಿಕೊಂಡಳು. "ಎಂಥಾ ದಡ್ಡ ನೀನು! ನಾನು ಆವತ್ತು ಸಂಜೆ ನಿನಗೆ ಹೇಳ್ಬೇಕಂತಿದ್ದೆ ಕಣೋ… ನೀನಂದ್ರೆ ನನಗೆ ಪ್ರಾಣ ಅಂತ."

"ಈಗ ಹೇಳು."

"ಈಗ ತಾನೇ ಹೇಳಿದ್ನಲ್ಲ!"

"ಸರಿ. ಮೊದ್ಲು ಆ ಪಾಸ್‌ವರ್ಡ್ ಬದಲಾಯಿಸು."

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ಅಷ್ಟರಲ್ಲಿ ಟ್ರಿಂಗ್ ಟ್ರಿಂಗ್! ಅಪ್ಪ. ಇನ್ನೆಷ್ಟು ಹೊತ್ತು ತಡೆದಾನು ಪಾಪ!

"ಎತ್ತು," ಅಂದ ಮುನಿ. "ಈಗ ನಿಲ್ಲೋಕೆ ಏನೂ ಉಳಿದಿಲ್ಲ."

ಅವಳು ಎತ್ತಿದಳು. "ಅಪ್ಪಾ, ಮುನಿ ಇದಾನೆ. ನಂಗೂ ಒಪ್ಪಿಗೆ," ಎಂದವಳೇ ಫೋನನ್ನು ಅವನ ಕೈಗೇ ಕೊಟ್ಟಳು. ಅವನು ಕಿವಿಗಿಟ್ಟುಕೊಂಡ, ಕೇಳಿದ, ಒಂದೇ ಮಾತಾಡಿದ. ನಕ್ಕ.

ಅದೇ ನಗು! ಎರಡು ವರ್ಷ ಅವಳ ನಿದ್ದೆ ಕೆಡಿಸಿದ್ದ, ಶಾಪ ಹಾಕಿ ಹಾಕಿ ಅವಳು ಕಾಪಾಡಿಕೊಂಡಿದ್ದ ಅದೇ ನಗು. ಇಷ್ಟು ಹತ್ತಿರದಿಂದ ಈಗಲೇ ನೋಡಿದ್ದು. ಅದು ಅವಳದೇ ಆಗಿತ್ತು, ಆವತ್ತೂ ಕೂಡ.

"ಏನಂದ ಅಪ್ಪ?"

"ಆವತ್ತು ಅಂದಿದ್ದೇ."

"ಅದೇ ಏನು?"

"‘ಹುಷಾರು ಕಣಪ್ಪಾ, ಅವಳು ಕಿಡಿ. ಕೈ ಸುಟ್ಕೊಂಡ್ರೆ ಆಮೇಲೆ ನನ್ನನ್ನ ಕೇಳ್ಬೇಡ.’"

"ನೀನೇನಂದೆ?"

ಮುನಿ ವಾರ್ನಿಶ್ ಮೆತ್ತಿದ ತನ್ನ ಕೈಯನ್ನು ಅವಳ ಕೈಯೊಳಗಿಟ್ಟ.

"‘ಆಗ್ಲೇ ಸುಟ್ಕೊಂಡಿದೀನಿ ಮಾವ’ ಅಂದೆ."