ಗೇಟಿನ ರಿಮೋಟಿಗೆ ಇಷ್ಟೊಂದು ಪರೀಕ್ಷೆ

ಅವನು ಎರಡು ಯಂತ್ರಗಳನ್ನು ತಂದು ಮೇಜಿನ ಮೇಲಿಟ್ಟಾಗ ಅವಳಿಗೆ ಮೊದಲು ಬಂದದ್ದು ಅನುಮಾನ. ಅಳತೆಯ ಯಂತ್ರ ಮಾರುವ ಕಂಪನಿಯವನು. ದುಬಾರಿಯದ್ದನ್ನೇ ತಲೆಗೆ ಕಟ್ಟಿ ಹೋಗುತ್ತಾನೆ ಎಂದುಕೊಂಡು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದು ಕೂತಳು.

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ‘ಇನ್ನೊಮ್ಮೆ’ ಎಂದೇ ಕರೆಯುತ್ತಿದ್ದರು. ಯಾವ ಅಳತೆ ಬಂದರೂ ಇನ್ನೊಮ್ಮೆ ನೋಡೋಣ ಅನ್ನುವವಳು. ಅಲ್ಲಿ ತಯಾರಾಗುತ್ತಿದ್ದದ್ದು ಗೇಟು ತೆಗೆಯುವ ರಿಮೋಟು. ಗುಂಡಿ ಒತ್ತಿದರೆ ಅದರಿಂದ ರೇಡಿಯೋ ತರಂಗ ಹೊರಡಬೇಕು, ಆದರೆ ಅದು ಪಕ್ಕದ ತರಂಗಗಳ ಜಾಗಕ್ಕೆ ಕಾಲು ಚಾಚಬಾರದು. ಅದನ್ನು ನೋಡಿಕೊಳ್ಳಲು ಸ್ಪೆಕ್ಟ್ರಮ್ ಅನಲೈಜರ್ ಸಾಕೋ, ಸಿಗ್ನಲ್ ಅನಲೈಜರೇ ಬೇಕೋ ಎಂದು ತೀರ್ಮಾನಿಸುವ ಕೆಲಸ ಅವಳದು. ಅವಳು ತೀರ್ಮಾನ ಹೇಳುವ ತನಕ ಅವನು ದಿನಾ ಬಂದು ಡೆಮೊ ಕೊಡಬೇಕು.

ಪುಸ್ತಕದಲ್ಲಿರೋ ಹಾಗೆ ಬೇಡ, ವ್ಯತ್ಯಾಸ ಬಿಡಿಸಿ ಹೇಳಿ ಎಂದಳು.

ಅವನು ಸ್ವಲ್ಪ ಯೋಚಿಸಿದ. "ಒಂದು ಉದ್ದನೆ ಬೀದಿ ಅಂದ್ಕೊಳ್ಳಿ, ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಮನೆ. ಸ್ಪೆಕ್ಟ್ರಮ್ ಅನಲೈಜರ್ ಈ ತುದಿಯಿಂದ ಆ ತುದಿಗೆ ನಡೀತಾ, ಯಾವ ಮನೇಲಿ ದೀಪ ಉರೀತಿದೆ, ಎಷ್ಟು ಪ್ರಖರವಾಗಿ ಉರೀತಿದೆ ಅಂತ ಹೇಳುತ್ತೆ. ಸಿಗ್ನಲ್ ಅನಲೈಜರ್ ಒಂದು ಮನೆ ಮುಂದೆ ನಿಂತು, ಒಳಗೆ ಏನು ಮಾತಾಡ್ತಿದಾರೆ ಅಂತಾನೂ ಕೇಳಿಸ್ಕೊಳ್ಳುತ್ತೆ."

"ಕದ್ದು ಕೇಳೋ ಬುದ್ಧಿ."

"ಬಿಲ್ಲಿನಲ್ಲಿ ಹಾಗೆ ಬರೆಯಲ್ಲ."

ಅವನ ತುಟಿ ನಗಲಿಲ್ಲ, ಕಣ್ಣು ನಕ್ಕಿತು. ಎಡಗಣ್ಣು ಒಂದಿಷ್ಟು ಮೊದಲು. ಅದು ತನಗೆ ಯಾಕೆ ಕಂಡಿತೋ ಎಂದು ಅವಳಿಗೇ ಕುತೂಹಲವಾಯಿತು.

ರಿಮೋಟಿನದು ನಿಂತು ಕೇಳುವಂಥ ಮಾತಲ್ಲ; ದೀಪ ಎಲ್ಲೆಲ್ಲಿ ಉರಿಯುತ್ತಿದೆ ಎಂದು ಗೊತ್ತಾದರೆ ಸಾಕು. ಅಂದರೆ ಸ್ಪೆಕ್ಟ್ರಮ್ ಅನಲೈಜರ್ ಸಾಕು. ಇದು ಅವತ್ತೇ ಅವಳಿಗೆ ಹೊಳೆದಿತ್ತು. ಹೇಳಿದರೆ ಅವನು ಯಂತ್ರಗಳನ್ನು ಎತ್ತಿಕೊಂಡು ಹೊರಡುತ್ತಾನೆ ಎಂಬುದೂ ಹೊಳೆದಿತ್ತು.

ಇನ್ನೊಮ್ಮೆ ನೋಡೋಣ ಎಂದಳು.

ರಿಮೋಟನ್ನು ಬಿಸಿಮಾಡಿ ನೋಡಿದರು. ಕ್ಯಾಂಟೀನಿನ ಫ್ರಿಜ್ಜಿನಲ್ಲಿಟ್ಟು ನೋಡಿದರು. ಒಂದು ಮಧ್ಯಾಹ್ನ ಪರದೆಯ ಮೇಲೆ, ಎಂದೂ ಇಲ್ಲದ ಕಡೆ, ಸಣ್ಣದೊಂದು ಗೆರೆ ತಲೆಯೆತ್ತಿತು. ಅಟೆನ್ಯುಯೇಟರ್ ಏರಿಸಿ ಅಂದ ಅವನು. ಒಳಗೆ ಬರುವ ಸಿಗ್ನಲನ್ನು ತಗ್ಗಿಸುವ ಏರ್ಪಾಡು ಅದು. ಹೊರಗಿನಿಂದ ಬಂದದ್ದೇ ಆದರೆ, ತಗ್ಗಿಸಿದಷ್ಟನ್ನು ಯಂತ್ರ ಲೆಕ್ಕಕ್ಕೆ ಸೇರಿಸಿ ತೋರಿಸುವುದರಿಂದ, ಗೆರೆ ಪರದೆಯ ಮೇಲೆ ಇದ್ದಲ್ಲೇ ಇರುತ್ತದೆ. ಯಂತ್ರ ತನ್ನೊಳಗೇ ಹುಟ್ಟಿಸಿಕೊಂಡದ್ದಾದರೆ ಕುಸಿಯುತ್ತದೆ. ಅವಳಿಗೆ ಗೊತ್ತಿದ್ದದ್ದೇ, ಆದರೂ ಪೂರ್ತಿ ಕೇಳಿಸಿಕೊಂಡಳು. ಏರಿಸಿದಳು, ಗೆರೆ ಕುಸಿಯಿತು. ರಿಮೋಟಿನ ತಪ್ಪೇನೂ ಇರಲಿಲ್ಲ.

ಆ ವಾರದ ರಜೆಯಲ್ಲಿ ತನ್ನೊಳಗಿನ ಗೆರೆಯನ್ನೂ ಹಾಗೇ ನೋಡಿದಳು. ಅವನಿಲ್ಲ, ಅವನ ದನಿಯಿಲ್ಲ. ಇದು ತನ್ನ ಕಲ್ಪನೆಯಷ್ಟೇ ಆದರೆ ತಗ್ಗಬೇಕು. ತಗ್ಗಲಿಲ್ಲ. ಬಟ್ಟೆ ಒಣಹಾಕುವಾಗ ಅಕ್ಕ ಹತ್ತಿರ ಬಂದು ನಿಂತಳು.

"ಒಂದು ಕರವಸ್ತ್ರಕ್ಕೆ ನಾಲ್ಕು ಕ್ಲಿಪ್ಪು ಹಾಕಿದೀಯ. ಯಾರೇ ಅವನು?"

ಯಾರೂ ಇಲ್ಲ ಎಂದು ಅವಳು ಐದನೆಯದನ್ನೂ ಹಾಕಿದಳು.

ರಜೆ ಮುಗಿಸಿ ಹೋದಾಗ ಲ್ಯಾಬಿನ ಹಿರಿಯರು ಬಾಗಿಲಲ್ಲೇ ಹಿಡಿದರು. "ಇಷ್ಟು ಹೊತ್ತಿಗೆ ಆ ರಿಮೋಟ್ ಹಿಡ್ಕೊಂಡು ಊರಲ್ಲಿರೋ ಗೇಟೆಲ್ಲ ತೆಗೆದು ಬರಬಹುದಿತ್ತಲ್ಲಮ್ಮ," ಎಂದರು. ಸಂಜೆಯೊಳಗೆ ತೀರ್ಮಾನ ಬೇಕು, ಅವಳು ಹೇಳಿದ್ದನ್ನೇ ಕೊಳ್ಳುತ್ತೇವೆ ಎಂದೂ ಸೇರಿಸಿದರು.

ಸಿಗ್ನಲ್ ಅನಲೈಜರ್ ಎಂದು ಬರೆದರೆ ಅದನ್ನು ಕಲಿಸಲು ಅವನು ತಿಂಗಳುಗಟ್ಟಲೆ ಬರುತ್ತಾನೆ. ಬರೆದಳು. ಮುಂದೆ ಬೇಕಾಗಬಹುದು, ಹೊಸ ಉತ್ಪನ್ನಗಳು ಬರಬಹುದು ಎಂದು ಕಾರಣಗಳನ್ನೂ ಜೋಡಿಸಿದಳು. ಓದಿದರೆ ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೇ ಭಯವಾಯಿತು. ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಅವನು ಒಳಗೆ ಕಾಲಿಟ್ಟಾಗಲೆಲ್ಲ, ಇವನನ್ನು ಸುಳ್ಳು ಹೇಳಿ ಕರೆಸಿಕೊಂಡೆ ಎಂಬುದು ನೆನಪಾಗುತ್ತಿತ್ತು.

ಅಷ್ಟನ್ನೂ ಅಳಿಸಿದಳು. ಸ್ಪೆಕ್ಟ್ರಮ್ ಅನಲೈಜರ್ ಸಾಕು ಎಂದು ಬರೆದು, ಹಿರಿಯರಿಗಿಂತ ಮೊದಲು ಅವನಿಗೆ ತೋರಿಸಿದಳು.

ನಿಂತೇ ಓದಿದ. 

"ಸರಿಯಾಗಿದೆ," ಎಂದ. "ನನಗಿದು ಮೊದಲನೇ ದಿನವೇ ಗೊತ್ತಿತ್ತು."

ಅವಳಿಗೆ ಕೋಪ ಬಂತು. "ಮತ್ತೆ ಯಾಕೆ ಹೇಳಲಿಲ್ಲ? ಬಿಸಿ ಮಾಡಿ, ಫ್ರಿಜ್ಜಲ್ಲಿಡಿ ಅಂತ ಅಷ್ಟೆಲ್ಲ ಯಾಕೆ ಮಾಡಿಸಿದ್ರಿ?"

"ಫ್ರಿಜ್ಜು ನಿಮ್ಮ ಐಡಿಯಾ."

ಅದೂ ನಿಜವೇ. ಅವಳ ಕಿವಿ ಬಿಸಿಯಾಯಿತು.

ಅವನು ಕೇಬಲ್ ಬಿಚ್ಚಿ ಮೆಲ್ಲಗೆ ಸುತ್ತತೊಡಗಿದ. "ಹೇಳಿದ್ರೆ ಡೆಮೊ ಅವತ್ತೇ ಮುಗೀತಿತ್ತು. ಬೆಳಿಗ್ಗೆ ಬರೋವಾಗೆಲ್ಲ, ಇವತ್ತು ನೀವು ಸಾಕು ಅಂದ್ಬಿಡ್ತೀರೇನೋ ಅಂತ ಭಯ."

ಭಯ ತನ್ನೊಬ್ಬಳ ಸ್ವತ್ತು ಎಂದು ಅವಳು ಇಷ್ಟು ದಿನ ನಂಬಿದ್ದಳು.

"ನಾಳೆಯಿಂದ ನಿಮಗಿಲ್ಲಿ ಕೆಲಸ ಇಲ್ಲ," ಎಂದಳು.

"ಗೊತ್ತು."

"ಕೆಲಸ ಇಲ್ಲದೆ ಬರ್ತೀರಾ? ಇಲ್ಲಿಗಲ್ಲ, ನಮ್ಮನೆಗೆ. ಅಕ್ಕ ಇರ್ತಾಳೆ. ಕೂರೋಕೆ ಮುಂಚೆನೇ ಪ್ರಶ್ನೆ ಶುರು ಮಾಡ್ತಾಳೆ."

"ಯಾಕೆ ಬಂದ್ರಿ ಅಂತ ಕೇಳಿದ್ರೆ ಏನು ಹೇಳ್ಲಿ?"

ಬೇರೆ ದಿನವಾಗಿದ್ದರೆ ಅವಳು ಒಂದು ಮಾತು ಹುಡುಕಿ, ಅದನ್ನು ಬಿಟ್ಟು, ಇನ್ನೊಂದು ಹುಡುಕುತ್ತಿದ್ದಳು.

"ನನ್ನ ನೋಡೋಕೆ ಬಂದೆ ಅನ್ನಿ."

ಅವನ ಕೈಯಲ್ಲಿದ್ದ ಕೇಬಲ್ ಜಾರಿ, ಸುರುಳಿ ಬಿಚ್ಚಿಕೊಳ್ಳುತ್ತ ನೆಲದುದ್ದಕ್ಕೂ ಹರಡಿತು. ಅದನ್ನೆತ್ತಲು ಇಬ್ಬರೂ ಬಗ್ಗಲಿಲ್ಲ.