ಚರಂಡಿಯಲ್ಲಿ ಸಿಕ್ಕ ಸ್ಪ್ಯಾನಿಯಲ್

"ಅಲ್ಲಾಡಬೇಡ!"

ಅಲ್ಲಾಡಲಿಲ್ಲ.

ಜೋಡುನಳಿಗೆಯ ಬಂದೂಕು ಎದೆಗೆ ಗುರಿಯಿಟ್ಟು ನಿಂತಿರುವಾಗ ಅದರ ಯಜಮಾನನ ಮಾತು ಕೇಳಬೇಕು. ಹನ್ನೊಂದು ವರ್ಷ ಪೊಲೀಸ್ ಕೆಲಸದಲ್ಲಿ ಕಲಿತದ್ದು ಅಷ್ಟೇ. ಉಳಿದದ್ದೆಲ್ಲ ಮರೆತಿದ್ದೇನೆ...

ನನ್ನ ಜಾಕೆಟ್ಟಿನೊಳಗೆ ಏನೋ ಮಿಸುಕಾಡಿತು. ಕುಂಯ್ ಎಂದಿತು.

"ಒಳಗೇನೇ ಅದು?"

"ಹೊಟ್ಟೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ."

"ತಮಾಷೆನಾ? ಯಾರು ನೀನು?"

"ಕೊರಿನ್ ಬ್ಯಾಬ್‌ಕಾಕ್. ಬಾಡಿಗೆ ಪತ್ತೇದಾರಿ. ಬಾಗಿಲು ತೆಗೆದೇ ಇತ್ತು, ಬಂದೆ."

"ಬೀಗ ಹಾಕಿದ್ದೆ!"

"ಹೌದಾ? ಹಾಗಾದ್ರೆ ಬೀಗ ಸರಿಯಿಲ್ಲ. ಬೇರೆ ತಗೋ."

ಬಂದೂಕಿನ ಹಿಂದಿದ್ದವನು ಮರ್ಲ್ ಟೀಸ್‌ಡೇಲ್. ಅರವತ್ತು ದಾಟಿದವನು. ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಟೋಪಿ, ಇಸ್ತ್ರಿ ಮಾಡಿದ ಶರ್ಟು. ಐಯೋವಾದ ಮೆಕ್ಕೆಜೋಳದ ಹೊಲಗಳ ನಡುವೆ ಅವನದೊಂದು ಉದ್ದನೆಯ ಶೆಡ್ಡು. ಒಳಗೆ ಪಂಜರದ ಮೇಲೆ ಪಂಜರ, ಅದರ ಮೇಲೆ ಇನ್ನೊಂದು. ಪ್ರತಿಯೊಂದರಲ್ಲೂ ಒಂದು ತಾಯಿನಾಯಿ. ಬೊಗಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತೇನೋ, ಸುಮ್ಮನೆ ಗಿರಗಿರನೆ ಸುತ್ತುತ್ತಿದ್ದವು. ಉಚ್ಚೆಯ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ಅಳುತ್ತಿದ್ದೇನೆ ಎಂದುಕೊಂಡಿರಬೇಕು ಅವನು. ನಕ್ಕ.

ಗಡಿಯಾರ ನೋಡಿದೆ. ಎರಡು ಗಂಟೆ ಹತ್ತು ನಿಮಿಷ.

ಮೂರಕ್ಕೆ ವಿನ್ನಿಯ ಶೆಲ್ಟರಿಗೆ ಬೀಗ ಬೀಳಲಿತ್ತು!

ವಿನ್ನಿ ಎಂದರೆ ವಿನಿಫ್ರೆಡ್ ಝಾಲೆಸ್ಕಿ. ಎಪ್ಪತ್ತೊಂದು ವರ್ಷ. ಯಾರಿಗೂ ಬೇಡವಾದ ನಾಯಿಗಳನ್ನು ಸಾಕಿ, ಬೇಕೆಂದವರಿಗೆ ಕೊಡುವುದು ಅವಳ ಕೆಲಸ. ಸದ್ಯ ನಲವತ್ತೊಂದು ಇದ್ದವು. ಕುಂಟು, ಕುರುಡು, ಮುದಿ. ಪಕ್ಕದ ನಗರದಲ್ಲಿ ಹೊಸ ಕಾನೂನು ಬಂದಿತ್ತು. ಪೆಟ್ ಶಾಪಿನವರು ದಂಧೆಗೆಂದು ಮರಿ ಹಾಕಿಸುವ ಬ್ರೀಡರ್‌ಗಳ ಮರಿ ಮಾರುವಂತಿಲ್ಲ, ಶೆಲ್ಟರಿನಿಂದ ಬಂದ ಅನಾಥ ಮರಿಗಳನ್ನು ಮಾತ್ರ ಮಾರಬಹುದು. ಒಳ್ಳೆಯ ಕಾನೂನು. ಕಳ್ಳರಿಗೆ ಇನ್ನೂ ಒಳ್ಳೆಯದು... ಎರಡೇ ತಿಂಗಳಲ್ಲಿ ಅಲ್ಲಿನ ಒಂದು ಅಂಗಡಿಯ ತುಂಬ "ಅನಾಥ" ಮರಿಗಳು. ರೇಷ್ಮೆ ಕೂದಲಿನ, ದುಬಾರಿ ತಳಿಯ ಸ್ಪ್ಯಾನಿಯಲ್‌ಗಳು! ಎಲ್ಲದರ ಕಾಗದದ ಮೇಲೂ ವಿನ್ನಿಯ ಶೆಲ್ಟರಿನ ಮೊಹರು. ವಿನ್ನಿ ಅವನ್ನು ಕಂಡೂ ಇರಲಿಲ್ಲ.

ಆಮೇಲೆ ಮರಿಗಳು ರಕ್ತಭೇದಿಯಾಗಿ ಸಾಯತೊಡಗಿದವು. ಮೂರು ಮನೆಯವರು ದೂರು ಕೊಟ್ಟರು. ಸರ್ಕಾರದ ಇನ್‌ಸ್ಪೆಕ್ಟರ್ ಮೊಹರು ನೋಡಿದ, ವಿನ್ನಿಗೆ ನೋಟಿಸು ಕೊಟ್ಟ. ಶೆಲ್ಟರ್ ಮುಚ್ಚಿದರೆ ನಲವತ್ತೊಂದೂ ನಾಯಿಗಳು ಸರ್ಕಾರಿ ದೊಡ್ಡಿಗೆ. ಅಲ್ಲಿ ಐದು ದಿನ ಕಾಯುತ್ತಾರೆ. ಆರನೆಯ ದಿನ ಸಾವಿನ ಸೂಜಿ.

ಅದಕ್ಕೇ ವಿನ್ನಿ ನನ್ನನ್ನು ಕರೆಸಿದ್ದಳು. ಆ ಬೆಳಿಗ್ಗೆ ಅಂಗಡಿಯ ಹಿಂಬಾಗಿಲಿಗೆ ಬಂದ ಬಿಳಿ ವ್ಯಾನಿನ ಬೆನ್ನು ಹತ್ತಿ ನಾನು ಟೀಸ್‌ಡೇಲನ ಶೆಡ್ಡಿಗೆ ಬಂದಿದ್ದೆ. ನಾಳೆಯ ಸರಕು ತಯಾರಾಗಿತ್ತು. ಮರಿಗಳ ಕುತ್ತಿಗೆಗೆ ನಂಬರ್ ಪಟ್ಟಿ, ಪಕ್ಕದಲ್ಲಿ ಮೊಹರು ಹಾಕಿದ ಕಾಗದಗಳು. ಹದಿನೇಳನೇ ನಂಬರಿನ ಮರಿಯನ್ನು ಜಾಕೆಟ್ಟಿನೊಳಗೆ ಹಾಕಿಕೊಂಡೆ, ಅದರ ಕಾಗದವನ್ನು ಜೇಬಿಗೆ. ತಿರುಗಿದೆ...

ಬಂದೂಕು!

"ಮರಿ ಕೆಳಗಿಡು."

"ಆಗಲ್ಲ."

"ಸುಡ್ತೀನಿ!"

"ಸುಡು ಮಾರಾಯ."

ಒಂದು ಹೆಜ್ಜೆ ಹಿಂದೆ ಇಟ್ಟೆ. ಬೆನ್ನಿಗೆ ಪಂಜರದ ತಂತಿ ತಾಗಿತು.

"ನನ್ನ ಹಿಂದೆ ಯಾರಿದಾರೆ ನೋಡ್ಕೋ. ಎಲ್ಲಾ ನಿನ್ನ ಹೆಣ್ಣುಗಳು. ಈ ಬಂದೂಕಿನ ಗುಂಡು ಚೆದರುತ್ತೆ. ನನ್ನ ಜೊತೆ ಎಷ್ಟು ಸಾಯಬೇಕು? ನಾಲ್ಕು? ಐದು? ಗಬ್ಬದವು ಎಷ್ಟಿವೆ?"

ಅವನ ಕಣ್ಣು ನನ್ನ ಭುಜ ದಾಟಿ ಹೋಯಿತು. ಲೆಕ್ಕ ಹಾಕುತ್ತಿದ್ದ, ಲೋಫರ್! ಮನುಷ್ಯರನ್ನು ಸುಡಲು ಸಿದ್ಧನಿದ್ದವನು ಮರಿ ಹಾಕುವ ನಾಯಿಗೆ ಹಿಂಜರಿದ.

ಪಂಜರಗಳಿಗೆ ಬೆನ್ನು ಉಜ್ಜುತ್ತಾ ಅಡ್ಡಡ್ಡ ನಡೆದೆ. ಒಂದು... ಎರಡು... ಮೂಲೆಯ ಬಾಗಿಲು. ಒದ್ದೆ. ಓಡಿದೆ!

ಹಿಂದೆ ಢಂ ಎಂದಿತು. ಬಾಗಿಲ ಚೌಕಟ್ಟು ಚೂರಾಯಿತು. ಅಷ್ಟರಲ್ಲಿ ನಾನು ಕಾರಿನಲ್ಲಿದ್ದೆ.

ನನ್ನ ಹಳೆಯ ಫೋರ್ಡು. ಅವನ ಹೊಸ ಪಿಕಪ್. ಜಲ್ಲಿ ರಸ್ತೆ, ಎರಡೂ ಕಡೆ ಆಳೆತ್ತರದ ಜೋಳ. ಕನ್ನಡಿಯಲ್ಲಿ ಧೂಳು, ಧೂಳಿನೊಳಗೆ ಎರಡು ದೀಪ.

ಧಡ್! ಹಿಂದಿನಿಂದ ಗುದ್ದಿದ.

ಮರಿ ನನ್ನ ಶರ್ಟಿನೊಳಗೆ ಉಚ್ಚೆ ಹೊಯ್ದಿತು.

"ನನಗೂ ಹಾಗೇ ಆಗ್ತಿದೆ ಕಣೋ," ಎಂದೆ.

ಧಡ್! ಡಿಕ್ಕಿಯ ಮುಚ್ಚಳ ಹಾರಿ ಹೋಯಿತು. ಎದುರಿಗೆ ಕೊಯ್ಲು ಯಂತ್ರವೊಂದು ರಸ್ತೆಯ ಅಗಲಕ್ಕೂ ಬರುತ್ತಿತ್ತು. ನಿಲ್ಲಿಸಿದರೆ ಅವನ ಕೈಗೆ. ನಿಲ್ಲಿಸದಿದ್ದರೆ ಅದರ ಬಾಯಿಗೆ! ಸ್ಟಿಯರಿಂಗ್ ಬಲಕ್ಕೆ ಎಳೆದೆ. ಜೋಳದೊಳಗೆ ನುಗ್ಗಿದೆ. ಏನೂ ಕಾಣದು... ತೆನೆಗಳು ಗಾಜಿಗೆ ಪಟಪಟನೆ ಬಡಿದವು. ಮೂವತ್ತು ಎಣಿಸಿದೆ. ಎಡಕ್ಕೆ ತಿರುಗಿಸಿದೆ. ಡಾಂಬರು!

ವಿನ್ನಿಯ ಅಂಗಳ ಮುಟ್ಟಿದಾಗ ಮೂರಕ್ಕೆ ನಾಲ್ಕು ನಿಮಿಷವಿತ್ತು. ಇನ್‌ಸ್ಪೆಕ್ಟರ್ ಪ್ರೂಯಿಟ್ ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಷರೀಫನ ಕಡೆಯ ಪೇದೆ. ವಿನ್ನಿ ಮೆಟ್ಟಿಲ ಮೇಲೆ, ಮೂರು ಕಾಲಿನ ಮುದಿ ನಾಯಿಯೊಂದನ್ನು ತಬ್ಬಿಕೊಂಡು ಕುಳಿತಿದ್ದಳು.

"ಸರ್, ಇದು ನೋಡಿ!" ಮರಿಯನ್ನೂ ಕಾಗದವನ್ನೂ ಚಾಚಿದೆ. "ಟೀಸ್‌ಡೇಲನ ಶೆಡ್ಡಿಂದ ತಂದೆ."

ಪ್ರೂಯಿಟ್ ಕಾಗದ ಓದಿದ. "'ಹೆದ್ದಾರಿ ಪಕ್ಕ ಚರಂಡಿಯಲ್ಲಿ ಸಿಕ್ಕ ಬೀದಿ ಮರಿ. ತಂದುಕೊಟ್ಟದ್ದು ಝಾಲೆಸ್ಕಿ ಶೆಲ್ಟರ್.' ಇದರಲ್ಲೂ ಇವರದೇ ಮೊಹರಲ್ವೇನ್ರೀ? ಅವನ ಶೆಡ್ಡಿಂದಾನೇ ತಂದ್ರಿ ಅನ್ನೋಕೆ ಸಾಕ್ಷಿ?"

ಸಾಕ್ಷಿ ಅಂಗಳಕ್ಕೇ ನುಗ್ಗಿತು. ಬ್ರೇಕ್ ಕಿರುಚಿತು.

"ಹಿಡೀರಿ ಅವಳನ್ನ!" ಟೀಸ್‌ಡೇಲ್ ಇಳಿದ. ಬಂದೂಕು ವಾಹನದಲ್ಲೇ ಬಿಟ್ಟಿದ್ದ, ಬುದ್ಧಿವಂತ. "ಬೀಗ ಒಡೆದು ಒಳಗೆ ನುಗ್ಗಿದಾಳೆ! ಕಳ್ಳಿ!"

"ಏನು ಕದ್ದೆ ಹೇಳು," ಎಂದೆ.

ಬಾಯಿ ತೆರೆದ. ಪ್ರೂಯಿಟ್‌ನ ಕೈಯಲ್ಲಿದ್ದ ಕಾಗದ ಕಂಡಿತು. ಬಾಯಿ ಮುಚ್ಚಿದ.

ಮರಿ ತನ್ನದೆಂದರೆ ಕಾಗದ ಸುಳ್ಳು. ಕಾಗದ ನಿಜವೆಂದರೆ ಮರಿ ತನ್ನದಲ್ಲ. ಅವನಿಗೆ ಗೊತ್ತಾಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ.

"ಹೋಗ್ಲಿ ಬಿಡಿ... ಬೀಗಕ್ಕೆ ಮಾತ್ರ ದೂರು ಕೊಡ್ತೀನಿ. ನಾಳೆ."

ಪಿಕಪ್ಪಿನ ಬಾಗಿಲಿಗೆ ಕೈ ಹಾಕಿದ. ಪ್ರೂಯಿಟ್ ಬೀಗ ಎತ್ತಿಕೊಂಡ. ಮುಗಿಯಿತು, ಎಂದುಕೊಂಡೆ.

ಆಗ ವಿನ್ನಿ ಎದ್ದು ಬಂದಳು. ಮರಿಯನ್ನು ಇಸಿದುಕೊಂಡಳು. ಕನ್ನಡಕ ಹಣೆಗೇರಿಸಿ ಅದರ ಮೊಂಡು ಬಾಲವನ್ನು ಬೆರಳಲ್ಲಿ ಹಿಡಿದು ನೋಡಿದಳು. ಸ್ಪ್ಯಾನಿಯಲ್ ಮರಿಗಳ ಬಾಲವನ್ನು ಬ್ರೀಡರ್‌ಗಳು ಅಂದಕ್ಕೆಂದು ಕತ್ತರಿಸುತ್ತಾರೆ.

"ಅಯ್ಯೋ ಕಂದಾ... ಯಾವ ಕಟುಕ ಕತ್ತರಿಸಿದನೋ ನಿನ್ನ ಬಾಲಾನ? ಕತ್ತರಿ ಹಿಡಿಯೋಕೂ ಬರಲ್ಲ ಅವನಿಗೆ. ವಕ್ರ. ಗಂಟು ಬೇರೆ."

ಟೀಸ್‌ಡೇಲನ ಕೈ ಬಾಗಿಲ ಮೇಲೇ ನಿಂತಿತು.

"ಯಾವನೋ ಕುಡಿದ ಮತ್ತಲ್ಲಿ ಮಾಡಿರಬೇಕು ಬಿಡಿ," ಎಂದಳು ಪೇದೆಯ ಕಡೆ ತಿರುಗಿ. "ಕಸುಬು ಗೊತ್ತಿರೋನು ಹೀಗೆ ಮಾಡಲ್ಲ."

"ವಕ್ರಾನಾ?"

ಕೇಳಿದವನು ಟೀಸ್‌ಡೇಲ್.

"ಎಲ್ಲಮ್ಮಾ ವಕ್ರ?" ಅವನು ತಿರುಗಿ ಬಂದ. ಮುಖ ಕೆಂಡವಾಗಿತ್ತು. "ಮೂವತ್ತೆರಡು ವರ್ಷದಿಂದ ಕತ್ತರಿಸ್ತಿದೀನಿ! ಹುಟ್ಟಿದ ಮೂರನೇ ದಿನ, ನನ್ನ ಕೈಯಿಂದಲೇ! ಒಂದಕ್ಕೂ ಕೀವಾಗಿಲ್ಲ! ಅದರ ತಾಯಿ ಡಚೆಸ್‌ಗೆ ಬಹುಮಾನ ಬಂದಿದೆ, ಗೊತ್ತಾ? ಬೇರೆ ಬ್ರೀಡರ್‌ಗಳು ನನ್ನ ಕೈಕೆಲಸ ನೋಡೋಕೆ ಬರ್ತಾರೆ! ವಕ್ರ ಅಂತೆ..."

ನಿಂತ.

ಪ್ರೂಯಿಟ್ ಬೀಗವನ್ನು ಜೇಬಿಗೆ ಹಾಕಿ ಪೆನ್ನು ತೆಗೆದ.

"ಡಚೆಸ್ ಚರಂಡಿಯಲ್ಲಿ ಹೆತ್ತಿದ್ದಾ ಮಿಸ್ಟರ್ ಟೀಸ್‌ಡೇಲ್?"

ವಿನ್ನಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಬಾಲ ಮಾತ್ರ ಚೆನ್ನಾಗೇ ಕತ್ತರಿಸಿದಾನೆ ಕಣೇ. ಕೈ ಒಳ್ಳೇದು, ಮನುಷ್ಯ ಹಾಳು."

ಆ ಸಂಜೆಯೇ ಶೆಡ್ಡಿಗೆ ಪೊಲೀಸರು ಹೋದರು. ಪಂಜರಗಳು ಒಂದೊಂದಾಗಿ ಹೊರಗೆ ಬಂದವು. ಹುಲ್ಲಿನ ಮೇಲೆ ಇಳಿಸಿದರೆ ತಾಯಿನಾಯಿಗಳು ಕಾಲೂರಲು ಹೆದರಿ ನಿಂತುಬಿಟ್ಟವಂತೆ. ವಿನ್ನಿಯ ನಲವತ್ತೊಂದು ಇದ್ದಲ್ಲೇ ಉಳಿದವು. ಬೀಗ ಒಡೆದದ್ದಕ್ಕೆ ನನಗೆ ಎರಡು ದಿನ ಲಾಕಪ್ಪು. ನ್ಯಾಯವೇ!

ಹೊರಗೆ ಬಂದವಳು ನೆಟ್ಟಗೆ ವಿನ್ನಿಯ ಹತ್ತಿರ ಹೋದೆ.

"ಹದಿನೇಳನ್ನ ನಾನೇ ಸಾಕ್ತೀನಿ ವಿನ್ನಿ."

ಅವಳು ನಾಲ್ಕು ಪುಟದ ಅರ್ಜಿ ಮುಂದಿಟ್ಟಳು. ಮನೆ ಸ್ವಂತದ್ದೋ? ದಿನಕ್ಕೆ ಎಷ್ಟು ಗಂಟೆ ಹೊರಗಿರುತ್ತೀರಿ? ಅಂಗಳಕ್ಕೆ ಬೇಲಿ ಇದೆಯೋ?

"ಬೇಲಿ ಇಲ್ಲ," ಎಂದೆ.

"ಹಾಗಾದ್ರೆ ನಾಯಿ ಇಲ್ಲ."

"ವಿನ್ನಿ! ನಿಮಗೋಸ್ಕರ ಗುಂಡಿಗೆ ಎದೆ ಕೊಟ್ಟೆ!"

"ಅದಕ್ಕೆ ಥ್ಯಾಂಕ್ಸ್ ಕಣೇ. ಬೇಲಿ ಹಾಕಿಸಿ ಬಾ. ನಾನೇ ಬಂದು ನೋಡ್ತೀನಿ."

ಅಂಗಡಿಯಲ್ಲಾಗಿದ್ದರೆ ಹತ್ತು ನಿಮಿಷದಲ್ಲಿ ಮರಿ ಕೈಗೆ ಬರುತ್ತಿತ್ತು, ಯಾರೂ ಹೆಸರನ್ನೂ ಕೇಳುತ್ತಿರಲಿಲ್ಲ... ಇಲ್ಲಿ ನೋಡಿ ಸ್ವಾಮಿ, ಬೆಳಗ್ಗೆಯಿಂದ ಬೇಲಿಗೆ ಗುಂಡಿ ತೋಡುತ್ತಿದ್ದೇನೆ. ಸುಮ್ಮನೆ ನಿಂತು ಕತೆ ಕೇಳಬೇಡಿ, ಆ ಕಂಬದ ಇನ್ನೊಂದು ತುದಿ ಹಿಡೀರಿ!